ಹವ್ಯಾಸದ ವಿಡಿಯೊ, ದುಡಿಮೆಯ ದುಡ್ಡು

"ಏನಣ್ಣ, ನೀವೂ ದುಡ್ಡಿಗೆ ಬಿದ್ರಾ?" ಕನ್ನಡದಲ್ಲಿ ಯೂಟ್ಯೂಬ್ ಚಾನೆಲ್ ನಡೆಸುವವರು ಒಂದಲ್ಲ ಒಂದು ದಿನ ಕೇಳಿಸಿಕೊಳ್ಳುವ ಮಾತು ಇದು. ಊರ ಜಾತ್ರೆ, ಅಜ್ಜಿಯ ಕೈಯಡುಗೆ, ಚಾರಣದ ದಾರಿ, ಹಳೆಯ ಬೈಕಿನ ರಿಪೇರಿ ಎಂದು ತಮ್ಮ ಖುಷಿಗೆ ವಿಡಿಯೊ ಮಾಡಿಕೊಂಡಿರುವಷ್ಟು ದಿನ ಅವರು ಎಲ್ಲರಿಗೂ ಬೇಕಾದವರು. ನಡುವೆ ಜಾಹೀರಾತು ಬರತೊಡಗಿದರೆ, ಒಗ್ಗರಣೆ ಸೌಟಿನ ಪಕ್ಕ ಯಾವುದೋ ಕಂಪನಿಯ ಮಸಾಲೆ ಪ್ಯಾಕೆಟ್ ಹೆಸರು ಕಾಣುವಂತೆ ನಿಂತರೆ, ಅದೇ ಜನ ಮುಖ ತಿರುಗಿಸುತ್ತಾರೆ. ಮಾಡುವವರಿಗೂ ಒಳಗೊಳಗೆ ಅಳುಕು: ಪ್ರೀತಿಗೆಂದು ಮಾಡುತ್ತಿದ್ದುದನ್ನು ಮಾರಾಟಕ್ಕೆ ಇಟ್ಟುಬಿಟ್ಟೆನೆ? ಇನ್ನೊಂದು ಕಡೆ, ಡಿಗ್ರಿ ಮುಗಿಸಿದ ಹುಡುಗರು ಕೆಲಸ ಹುಡುಕುವುದನ್ನು ಬಿಟ್ಟು ಕ್ಯಾಮೆರಾಕ್ಕೆ ಸಾಲ ಮಾಡುತ್ತಿದ್ದಾರೆ. ಅವರಿಗೆ ಹವ್ಯಾಸದ ಮಾತೇ ಇಲ್ಲ, ಚಾನೆಲ್ ಎಂದರೆ ಸಂಪಾದನೆ ಅಷ್ಟೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಹವ್ಯಾಸಿಗಳು ತಮ್ಮ ವಿಡಿಯೊಗಳಿಂದ ಸಂಪಾದಿಸಬೇಕು, ಸಂಕೋಚವಿಲ್ಲದೆ ಸಂಪಾದಿಸಬೇಕು. ಆದರೆ ಆ ಹಣ ಯಾರಿಂದ ಬಂತು ಎಂಬುದು ನೋಡುವವರಿಗೆ ಗೊತ್ತಿರಬೇಕು. ಪರದೆಯ ಮೇಲೆ ದುಡಿದ ಎಲ್ಲರಿಗೂ ಅದರಲ್ಲಿ ಪಾಲು ಇರಬೇಕು. ಈಗ ನಡೆಯುತ್ತಿರುವ ವಾದದಲ್ಲಿ ಈ ಎರಡು ಮಾತುಗಳೇ ಹೆಚ್ಚಾಗಿ ಕಾಣೆಯಾಗಿವೆ.

ಹಣ ಬೇಡ ಎನ್ನುವವರು ಒಂದು ಸಂಗತಿಯನ್ನು ಗಮನಿಸಬೇಕು. ಯೂಟ್ಯೂಬಿನ ಮೊದಲ ವಿಡಿಯೊ ಬಂದದ್ದು 2005ರ ಏಪ್ರಿಲ್ 23ರಂದು. ಸಂಸ್ಥಾಪಕರಲ್ಲಿ ಒಬ್ಬರಾದ ಜಾವೇದ್ ಕರೀಂ ಸ್ಯಾನ್ ಡಿಯಾಗೊ ಮೃಗಾಲಯದಲ್ಲಿ ಆನೆಗಳ ಮುಂದೆ ನಿಂತು ಆಡಿದ 19 ಸೆಕೆಂಡುಗಳ ಮಾತು. ಮರುವರ್ಷ ಗೂಗಲ್ ಆ ಕಂಪನಿಯನ್ನು 165 ಕೋಟಿ ಡಾಲರ್‌ಗೆ ಕೊಂಡಿತು. ಅಷ್ಟು ಬೆಲೆ ಬಂದದ್ದು ಜನ ಪುಕ್ಕಟೆಯಾಗಿ ಏರಿಸಿದ ವಿಡಿಯೊಗಳಿಂದ, ಏರಿಸಿದವರಿಗೆ ಬಿಡಿಗಾಸೂ ಸಿಗಲಿಲ್ಲ. 2007ರಲ್ಲಿ ಪಾಲುದಾರಿಕೆ ಯೋಜನೆ ಬಂದ ಮೇಲೆ ಜಾಹೀರಾತಿನ ಹಣದಲ್ಲಿ ಮಾಡಿದವರಿಗೂ ಪಾಲು ಸಿಗತೊಡಗಿತು. ಈಗ ಉದ್ದನೆಯ ವಿಡಿಯೊಗಳ ಜಾಹೀರಾತಿನಲ್ಲಿ ಶೇ 55ರಷ್ಟು ಚಾನೆಲ್‌ಗೆ, ಉಳಿದದ್ದು ಕಂಪನಿಗೆ. 2023ರ ಫೆಬ್ರುವರಿಯಿಂದ ಶಾರ್ಟ್ಸ್‌ಗೂ ಪಾಲುಂಟು, ಅಲ್ಲಿ ಅದು ಶೇ 45.

ಇದಕ್ಕಿಂತ ಮುಖ್ಯವಾದ ಬದಲಾವಣೆ ಸದ್ದಿಲ್ಲದೆ ನಡೆಯಿತು. 2020ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ, ಮುಂದಿನ ವರ್ಷ ಉಳಿದ ದೇಶಗಳಲ್ಲಿ ಯೂಟ್ಯೂಬ್ ತನ್ನ ನಿಯಮ ತಿದ್ದಿಕೊಂಡಿತು: ಪಾಲುದಾರಿಕೆಯಲ್ಲಿ ಇಲ್ಲದವರ ವಿಡಿಯೊಗಳ ಮೇಲೂ ಕಂಪನಿ ಜಾಹೀರಾತು ಹಾಕಬಹುದು, ಅದರಲ್ಲಿ ಮಾಡಿದವರಿಗೆ ಪಾಲಿಲ್ಲ. ಎಂದರೆ, "ನನಗೆ ಹಣ ಬೇಡ, ನಾನು ಹವ್ಯಾಸಿ" ಎಂದು ದೂರ ನಿಂತವರ ವಿಡಿಯೊ ಜಾಹೀರಾತಿನಿಂದ ಮುಕ್ತವಾಗುವುದಿಲ್ಲ, ಅವರ ಪಾಲೂ ಕಂಪನಿಗೇ ಹೋಗುತ್ತದೆ. ಇಂಥ ವೇದಿಕೆಯಲ್ಲಿ ನಿಷ್ಕಾಮವಾಗಿ ದುಡಿಯುವುದರಿಂದ ಯಾರಿಗೆ ಪುಣ್ಯ ಬರುತ್ತದೆ ಎಂದು ಯೋಚಿಸಿದರೆ ಉತ್ತರ ಸ್ಪಷ್ಟವಿದೆ.

ಹವ್ಯಾಸ ಮತ್ತು ವೃತ್ತಿಯ ಈ ಜಗಳ ಕನ್ನಡಿಗರಿಗೆ ಹೊಸದೂ ಅಲ್ಲ. ನಮ್ಮ ರಂಗಭೂಮಿ ನೂರು ವರ್ಷಗಳಿಂದ ಇದನ್ನು ಆಡಿದೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ಟಿಕೆಟ್ ಹಣದ ಮೇಲೆ ನಿಂತು ನಟರ, ವಾದ್ಯದವರ, ಪರದೆ ಬರೆಯುವವರ ಕುಟುಂಬಗಳನ್ನು ಸಲಹಿತು. 1909ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಇನ್ನೊಂದು ದಾರಿ ಹಿಡಿಯಿತು. ಅಲ್ಲಿ ನಟಿಸಿದವರಿಗೆ ಹೊಟ್ಟೆಪಾಡಿಗೆ ಬೇರೆ ಕೆಲಸವಿತ್ತು, ನಾಟಕ ಅವರ ಪ್ರೀತಿ. ಕಂಪನಿ ನಾಟಕದವರು ಜನ ಕೇಳಿದ್ದನ್ನು ಕೊಡುತ್ತಾರೆ ಎಂದು ಹವ್ಯಾಸಿಗಳು ದೂರುತ್ತಿದ್ದರು, ಇವರಿಗೆ ಹಸಿವಿನ ಅರಿವಿಲ್ಲ ಎಂದು ವೃತ್ತಿಯವರು ಹೇಳುತ್ತಿದ್ದರು. ಎರಡೂ ನಿಜವೇ. ಆದರೆ ಹೆಗ್ಗೋಡಿನ ನೀನಾಸಮ್ ನೋಡಿ. 1949ರಲ್ಲಿ ಊರಿನ ಹವ್ಯಾಸಿಗಳ ಗುಂಪಾಗಿ ಹುಟ್ಟಿದ ಸಂಸ್ಥೆ 1985ರಲ್ಲಿ ತಿರುಗಾಟ ಆರಂಭಿಸಿದಾಗ ನಟರಿಗೆ ಸಂಬಳ ಕೊಟ್ಟು ನಾಡು ಸುತ್ತಿಸಿತು. ಸಂಬಳ ಬಂದದ್ದರಿಂದ ನಾಟಕದ ಗುಣ ಕೆಟ್ಟಿತೆಂದು ಯಾರೂ ಹೇಳಲಾರರು. ಪ್ರೀತಿ ಉಳಿದದ್ದು ಯಾವ ನಾಟಕ ಆಡಬೇಕು ಎಂಬ ತೀರ್ಮಾನವನ್ನು ಟಿಕೆಟ್ ಕಿಟಕಿಗೆ ಒಪ್ಪಿಸದೇ ಇದ್ದುದರಿಂದ.

ವಿಡಿಯೊದ ವಿಷಯದಲ್ಲಿ ಆ ತೀರ್ಮಾನ ಯಾರ ಕೈಯಲ್ಲಿದೆ? ಹಣವನ್ನು ವಿರೋಧಿಸುವವರ ವಾದಕ್ಕೆ ಗಟ್ಟಿ ನೆಲ ಸಿಗುವುದು ಇಲ್ಲಿ. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಇಬ್ಬರು ಮನೋವಿಜ್ಞಾನಿಗಳು ಶಿಶುವಿಹಾರದ ಮಕ್ಕಳ ಮೇಲೆ ಒಂದು ಅಧ್ಯಯನ ಮಾಡಿದರು. ಬಣ್ಣದ ಪೆನ್ನಿನಲ್ಲಿ ಚಿತ್ರ ಬರೆಯುವುದೆಂದರೆ ಇಷ್ಟವಿದ್ದ ಮಕ್ಕಳು ಅವರು. ಕೆಲವರಿಗೆ ಬರೆದರೆ ಬಹುಮಾನ ಕೊಡುತ್ತೇವೆ ಎಂದು ಮೊದಲೇ ಹೇಳಿದರು, ಕೆಲವರಿಗೆ ಹೇಳದೆ ಕೊನೆಯಲ್ಲಿ ಕೊಟ್ಟರು, ಉಳಿದವರಿಗೆ ಏನೂ ಕೊಡಲಿಲ್ಲ. ವಾರ ಕಳೆದು ನೋಡಿದಾಗ ಬಹುಮಾನದ ಮಾತು ಕೊಟ್ಟು ಬರೆಸಿದ ಮಕ್ಕಳಿಗೆ ಚಿತ್ರದ ಮೇಲಿನ ಆಸಕ್ತಿ ಬಹಳ ಕುಗ್ಗಿತ್ತು. ಹೇಳದೆ ಬಹುಮಾನ ಪಡೆದವರಿಗೆ ಹಾಗೆ ಆಗಿರಲಿಲ್ಲ. ಈ ಕೊನೆಯ ಭಾಗವನ್ನು ಉಲ್ಲೇಖಿಸುವವರು ಕಡಿಮೆ, ನನಗೆ ಅದೇ ಮುಖ್ಯ. ಪ್ರೀತಿಯನ್ನು ತಿಂದದ್ದು ಬಹುಮಾನ ಅಲ್ಲ, ಬಹುಮಾನದ ಷರತ್ತು.

ಯೂಟ್ಯೂಬಿನಲ್ಲಿ ಹಣ ಬರುವುದು ಷರತ್ತಿನ ಮೇಲೆಯೇ. 2012ರಲ್ಲಿ ಕಂಪನಿ ಎಷ್ಟು ಜನ ನೋಡಿದರು ಎನ್ನುವುದಕ್ಕಿಂತ ಎಷ್ಟು ಹೊತ್ತು ನೋಡಿದರು ಎಂಬುದಕ್ಕೆ ಬೆಲೆ ಕೊಡತೊಡಗಿದಾಗ ವಿಡಿಯೊಗಳು ಉದ್ದವಾದವು. ನಡುವೆ ಜಾಹೀರಾತು ಹಾಕಲು ವಿಡಿಯೊ ಕನಿಷ್ಠ 10 ನಿಮಿಷ ಇರಬೇಕಿತ್ತು, 2020ರ ಜುಲೈನಲ್ಲಿ ಅದನ್ನು 8 ನಿಮಿಷಕ್ಕೆ ಇಳಿಸಿದರು. ಮೂರು ನಿಮಿಷದಲ್ಲಿ ಹೇಳಿ ಮುಗಿಸಬಹುದಾದ ಟೊಮೆಟೊ ಗೊಜ್ಜು ಎಂಟು ನಿಮಿಷ ಕುದಿಯುವುದು ಇದಕ್ಕಾಗಿ. ಶೀರ್ಷಿಕೆಯಲ್ಲಿ "ಕೊನೆಗೆ ಏನಾಯ್ತು ನೋಡಿ" ಬರುವುದು, ಥಂಬ್‌ನೇಲ್‌ನಲ್ಲಿ ಬಾಯಿ ತೆರೆದ ಮುಖ ಬರುವುದು, ವಾರಕ್ಕೆ ಮೂರು ವಿಡಿಯೊ ಹಾಕಲೇಬೇಕೆಂದು ಜ್ವರದಲ್ಲೂ ಕ್ಯಾಮೆರಾ ಮುಂದೆ ಕೂರುವುದು, ಎಲ್ಲದರ ಹಿಂದೆ ಇರುವುದು ಇದೇ ಲೆಕ್ಕ. ಹೀಗೆ ಬಳಲಿ ಚಾನೆಲ್ ನಿಲ್ಲಿಸಿದವರ ಬಗ್ಗೆ ನನಗೆ ನಿಜವಾದ ಮರುಕವಿದೆ. ಹವ್ಯಾಸ ಎಂದರೆ ಬೇಡವಾದ ದಿನ ಬಿಡಬಹುದಾದ ಕೆಲಸ. ಆ ಸ್ವಾತಂತ್ರ್ಯವನ್ನು ಅವರು ತಮಗೇ ಗೊತ್ತಾಗದಂತೆ ಕಳೆದುಕೊಂಡರು.

ಹಾಗಾದರೆ ಹಣವೇ ಬೇಡವೆ? ಖರ್ಚಿನ ಲೆಕ್ಕ ಹಾಕಿದರೆ ಹಾಗೆ ಹೇಳಲು ಬಾಯಿ ಬರುವುದಿಲ್ಲ. ಹತ್ತು ನಿಮಿಷದ ಒಂದು ಒಳ್ಳೆಯ ವಿಡಿಯೊ ಎಂದರೆ ದಿನಗಟ್ಟಲೆ ಕೆಲಸ: ಜಾಗ ನೋಡುವುದು, ಚಿತ್ರೀಕರಿಸುವುದು, ಧ್ವನಿ ಕೊಡುವುದು, ಎಡಿಟ್ ಮಾಡುವುದು. ಮೈಕ್, ಟ್ರೈಪಾಡ್, ಹಾರ್ಡ್ ಡಿಸ್ಕ್, ಬಸ್ಸಿನ ಚಾರ್ಜು ಎಲ್ಲಕ್ಕೂ ಕೈಯಿಂದಲೇ ಹಾಕಬೇಕು. ಹಣ ಬೇಡವೆಂದು ನಿಯಮ ಮಾಡಿದರೆ ಉಳಿಯುವವರು ಈಗಾಗಲೇ ಅನುಕೂಲಸ್ಥರಾದವರು ಮಾತ್ರ. ಹಳ್ಳಿಯ ಹುಡುಗಿಯ ಕಣ್ಣಿನಲ್ಲಿ ಅವಳ ಊರು ಹೇಗಿದೆ ಎಂಬುದು ನಮಗೆ ಕಾಣದೇ ಹೋಗುತ್ತದೆ. 'ಡಾ. ಬ್ರೋ' ಎಂದು ಹೆಸರಾದ ಗಗನ್ ಶ್ರೀನಿವಾಸ್ ಅಫ್ಘಾನಿಸ್ತಾನದ ಬೀದಿಗಳನ್ನು ಕನ್ನಡದಲ್ಲಿ ಮಾತಾಡುತ್ತಾ ತೋರಿಸಿದರಲ್ಲ, ಅಂಥ ಪ್ರವಾಸಗಳು ಕೇವಲ ಹುಮ್ಮಸ್ಸಿನಿಂದ ಆಗುವಂಥವಲ್ಲ. ತಮಿಳುನಾಡಿನ ಪುದುಕ್ಕೋಟೆ ಜಿಲ್ಲೆಯ 'ವಿಲೇಜ್ ಕುಕಿಂಗ್ ಚಾನೆಲ್' 2018ರಲ್ಲಿ ಅಣ್ಣತಮ್ಮಂದಿರು ತಮ್ಮ ಅಜ್ಜನ ಜೊತೆ ಗದ್ದೆಯ ಬದುವಿನಲ್ಲಿ ಅಡುಗೆ ಮಾಡುತ್ತಾ ಶುರುಮಾಡಿದ್ದು. ಕೃಷಿಯಲ್ಲಿ ಕೆಲಸವಿಲ್ಲದ ತಿಂಗಳುಗಳಿಗೆ ಅದೊಂದು ದುಡಿಮೆಯಾಯಿತು. 2021ರಲ್ಲಿ ಒಂದು ಕೋಟಿ ಸಬ್‌ಸ್ಕ್ರೈಬರ್‌ಗಳಾದಾಗ ಅವರು ಮುಖ್ಯಮಂತ್ರಿಗಳ ಕೋವಿಡ್ ನಿಧಿಗೆ 10 ಲಕ್ಷ ರೂಪಾಯಿ ಕೊಟ್ಟರು. ತೆಲಂಗಾಣದ ನಾರಾಯಣ ರೆಡ್ಡಿಯವರು 'ಗ್ರ್ಯಾಂಡ್‌ಪಾ ಕಿಚನ್'ನಲ್ಲಿ ದೊಡ್ಡ ದೊಡ್ಡ ಪಾತ್ರೆಗಳಲ್ಲಿ ಬೇಯಿಸಿದ್ದು ಅನಾಥ ಮಕ್ಕಳ ಊಟಕ್ಕೆ ಹೋಗುತ್ತಿತ್ತು. 2019ರಲ್ಲಿ ಅವರು ತೀರಿಕೊಳ್ಳುವವರೆಗೂ ಆ ಅಕ್ಕಿ ಬೇಳೆಯ ಖರ್ಚನ್ನು ಭರಿಸಿದ್ದು ವಿಡಿಯೊದ ಆದಾಯ ಮತ್ತು ನೋಡುಗರ ದೇಣಿಗೆ.

ಆದರೆ ಇಂಥ ಗೆಲುವುಗಳನ್ನು ತೋರಿಸಿ ಹುಡುಗರನ್ನು ಹುರಿದುಂಬಿಸುವುದು ಅಪಾಯದ ಕೆಲಸ. 2025ರ ಮೇ ತಿಂಗಳಲ್ಲಿ ಯೂಟ್ಯೂಬ್ ಮುಖ್ಯಸ್ಥ ನೀಲ್ ಮೋಹನ್ ಮುಂಬಯಿಯ ಸಮಾವೇಶದಲ್ಲಿ ಕೆಲವು ಅಂಕಿಗಳನ್ನು ಕೊಟ್ಟರು. ಹಿಂದಿನ ಮೂರು ವರ್ಷಗಳಲ್ಲಿ ಭಾರತದ ಕ್ರಿಯೇಟರ್‌ಗಳಿಗೆ, ಕಲಾವಿದರಿಗೆ, ಮಾಧ್ಯಮ ಕಂಪನಿಗಳಿಗೆ 21,000 ಕೋಟಿ ರೂಪಾಯಿ ಪಾವತಿಯಾಗಿದೆ. ಹಿಂದಿನ ಒಂದು ವರ್ಷದಲ್ಲಿ ಹತ್ತು ಕೋಟಿಗೂ ಹೆಚ್ಚು ಭಾರತೀಯ ಚಾನೆಲ್‌ಗಳು ವಿಡಿಯೊ ಹಾಕಿವೆ. ಅವುಗಳಲ್ಲಿ ಹತ್ತು ಲಕ್ಷ ಸಬ್‌ಸ್ಕ್ರೈಬರ್‌ಗಳನ್ನು ದಾಟಿದವು 15,000ಕ್ಕೂ ಹೆಚ್ಚು. ಪತ್ರಿಕೆಗಳು ಮೊದಲ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಹಾಕಿದವು. ಕೊನೆಯ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿ: ಹತ್ತು ಸಾವಿರ ಚಾನೆಲ್‌ಗಳಲ್ಲಿ ಒಂದೋ ಎರಡೋ ಮಾತ್ರ ಆ ಎತ್ತರ ಮುಟ್ಟಿವೆ. 21,000 ಕೋಟಿಯಲ್ಲಿ ಸಿನಿಮಾ ಸಂಗೀತದ ಕಂಪನಿಗಳ, ಟಿವಿ ವಾಹಿನಿಗಳ ಪಾಲೂ ಸೇರಿದೆ.

ಬಾಗಿಲು ತೆರೆಯುವುದಕ್ಕೇ ಷರತ್ತುಗಳಿವೆ. 2018ರಿಂದ ಜಾಹೀರಾತಿನ ಪಾಲು ಬೇಕೆಂದರೆ 1,000 ಸಬ್‌ಸ್ಕ್ರೈಬರ್‌ಗಳು, ಉದ್ದನೆಯ ವಿಡಿಯೊಗಳಾದರೆ ಒಂದು ವರ್ಷದಲ್ಲಿ 4,000 ಗಂಟೆಗಳ ವೀಕ್ಷಣೆ ಬೇಕು. ಆಮೇಲೆ ಮನೆಗೆ ಅಂಚೆಯಲ್ಲಿ ಪಿನ್ ಬರಬೇಕು, ಖಾತೆಯಲ್ಲಿ 100 ಡಾಲರ್ ಸೇರುವವರೆಗೆ ಹಣ ಕೈಗೆ ಬರುವುದಿಲ್ಲ. ಸಣ್ಣ ಚಾನೆಲ್‌ಗಳಲ್ಲಿ ಆ ನೂರು ಡಾಲರ್‌ಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಜಾಹೀರಾತುದಾರ ಹಣ ಕೊಡುವುದು ವಿಡಿಯೊದ ಚಂದಕ್ಕಲ್ಲ, ನೋಡುವವನ ಕೊಳ್ಳುವ ಶಕ್ತಿಗೆ. ಹಾಗಾಗಿ ಇಂಗ್ಲಿಷಿನಲ್ಲಿ ಮ್ಯೂಚುವಲ್ ಫಂಡ್ ಬಗ್ಗೆ ಹೇಳುವವರಿಗೆ ಸಿಗುವ ದರ ಕನ್ನಡದಲ್ಲಿ ಸೋಬಾನೆ ಪದ ಹಾಡಿಸುವವರಿಗೆ ಸಿಗುವುದಿಲ್ಲ. ಅದೇ ಸಾವಿರ ವ್ಯೂಸ್, ಬೇರೆ ಬೇರೆ ಬೆಲೆ. ಮನೆ ನಡೆಸಲು ಸಾಲದ ಈ ಹಣವನ್ನು ನಂಬಿ ಇದ್ದ ಕೆಲಸ ಬಿಡುವುದು ತಪ್ಪೆಂದು ನಾನು ಖಚಿತವಾಗಿ ಹೇಳುತ್ತೇನೆ. 2020ರ ಜೂನ್ 29ರಂದು ಭಾರತ ಸರ್ಕಾರ ಟಿಕ್‌ಟಾಕ್ ನಿಷೇಧಿಸಿದಾಗ ಲಕ್ಷಾಂತರ ಹಿಂಬಾಲಕರಿದ್ದವರ ಬಳಿಯೂ ಮರುದಿನ ಏನೂ ಉಳಿದಿರಲಿಲ್ಲ. ಬೇರೆಯವರ ಜಾಗದಲ್ಲಿ ಅಂಗಡಿ ಹಾಕಿದವರ ಪಾಡು ಅದು.

ಜಾಹೀರಾತಿನ ಪಾಲು ಸಾಲದೆ ಹೋದಾಗ ಬರುವುದೇ ಪ್ರಮೋಷನ್. ಇಡೀ ಪ್ರಶ್ನೆಯ ಹುಣ್ಣು ಇರುವ ಜಾಗ ಇದು. ಯೂಟ್ಯೂಬ್ ತಾನಾಗಿ ಹಾಕುವ ಜಾಹೀರಾತು ಜಾಹೀರಾತೆಂದೇ ಕಾಣುತ್ತದೆ, ನೋಡುವವರು ದಾಟಿಸಿ ಮುಂದೆ ಹೋಗಬಹುದು. ಆದರೆ ನಾವು ಮನೆಯವನಂತೆ ನಂಬಿದ ಒಬ್ಬ ಹುಡುಗ "ನಾನೂ ಇದನ್ನೇ ಬಳಸ್ತೀನಿ" ಎಂದು ಹೇಳುವ ಮಾತಿಗೆ ಕಂಪನಿ ಹಣ ಕೊಟ್ಟಿದೆ ಎಂದು ಗೊತ್ತಾಗುವುದು ಹೇಗೆ? ಅವನು ಮಾರುತ್ತಿರುವುದು ನಮ್ಮ ನಂಬಿಕೆಯನ್ನು. ಕೂದಲು ಬೆಳೆಸುವ ಎಣ್ಣೆ, ಸಕ್ಕರೆ ಕಾಯಿಲೆ ವಾಸಿಮಾಡುವ ಪುಡಿ, ದಿನಕ್ಕೆ ಸಾವಿರ ಗಳಿಸುವ ಆ್ಯಪ್, ಷೇರು ಪೇಟೆಯ ಗುಟ್ಟು, ರಮ್ಮಿ ಮತ್ತು ಬೆಟ್ಟಿಂಗ್, ಎಲ್ಲವೂ ಹೀಗೆಯೇ ಕನ್ನಡದ ಮನೆಗಳ ಒಳಗೆ ಬಂದವು. ಜೂಜಿನ ಆ್ಯಪ್‌ನಲ್ಲಿ ಹಣ ಕಳೆದುಕೊಂಡ ಕುಟುಂಬಗಳ ಮುಂದೆ ನಿಂತು "ನಾನು ಪ್ರಮೋಷನ್ ಮಾತ್ರ ಮಾಡಿದ್ದು" ಎನ್ನುವುದು ಉತ್ತರವಾಗುವುದಿಲ್ಲ.

ಕಾನೂನು ತಡವಾಗಿ ಬಂದರೂ ಬಂದಿದೆ. ಜಾಹೀರಾತು ಕ್ಷೇತ್ರದ ಸ್ವಯಂ ನಿಯಂತ್ರಣ ಸಂಸ್ಥೆಯಾದ ಆಸ್ಕಿ 2021ರ ಜೂನ್‌ನಿಂದ ಹಣ ಪಡೆದ ವಿಡಿಯೊಗಳಲ್ಲಿ ಅದನ್ನು ಎದ್ದು ಕಾಣುವಂತೆ ಹೇಳಬೇಕೆಂದು ನಿಯಮ ಮಾಡಿತು. 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯೂ ಮಾರ್ಗಸೂಚಿ ಹೊರಡಿಸಿತು. ಹಣ ಮಾತ್ರವಲ್ಲ, ಉಚಿತ ವಸ್ತು, ಪ್ರವಾಸ, ಹೋಟೆಲ್ ವಾಸ್ತವ್ಯ ಪಡೆದಿದ್ದರೂ ಸರಳ ಭಾಷೆಯಲ್ಲಿ ಹೇಳಬೇಕು ಎನ್ನುತ್ತದೆ ಅದು. 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಪ್ರಚಾರಕ್ಕೆ ಮೊದಲ ಸಲ 10 ಲಕ್ಷ, ಮತ್ತೆ ಮಾಡಿದರೆ 50 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳ ಪ್ರಚಾರಕ್ಕೆ ಎರಡು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡವನ್ನು ಗೊತ್ತುಮಾಡಿದೆ. ಸರ್ಕಾರವೂ ಈಗ ಜಾಹೀರಾತುದಾರನೇ. 2024ರಲ್ಲಿ ಕರ್ನಾಟಕ ರೂಪಿಸಿದ ಡಿಜಿಟಲ್ ಜಾಹೀರಾತು ಮಾರ್ಗಸೂಚಿಯಲ್ಲಿ ಹಿಂಬಾಲಕರ ಸಂಖ್ಯೆ ನೋಡಿ ಇನ್‌ಫ್ಲುಯೆನ್ಸರ್‌ಗಳಿಗೆ ಸರ್ಕಾರಿ ಪ್ರಚಾರ ಕೊಡುವ ವ್ಯವಸ್ಥೆಯಿದೆ. ಸರ್ಕಾರದ ಯೋಜನೆಯನ್ನು ಹೊಗಳುವ ವಿಡಿಯೊಗೆ ಸರ್ಕಾರವೇ ಹಣ ಕೊಟ್ಟಿದ್ದರೆ ಮಸಾಲೆ ಪುಡಿಗಿಂತ ದೊಡ್ಡ ಅಕ್ಷರದಲ್ಲಿ ಅದನ್ನು ಬರೆಯಬೇಕು.

ತೆರಿಗೆಯ ಮಾತು ಚುಟುಕಾಗಿ. ವಿಡಿಯೊದ ಆದಾಯಕ್ಕೆ ಬೇರೆ ಆದಾಯದಂತೆಯೇ ತೆರಿಗೆ ಉಂಟು. ವರ್ಷಕ್ಕೆ 20 ಸಾವಿರ ರೂಪಾಯಿ ಮೀರಿದ ಉಡುಗೊರೆ ವಸ್ತುಗಳನ್ನು ಪ್ರಚಾರಕ್ಕಾಗಿ ಪಡೆದು ಇಟ್ಟುಕೊಂಡರೆ ಶೇ 10ರಷ್ಟು ತೆರಿಗೆ ಮುರಿಯುವ ನಿಯಮ 2022ರ ಜುಲೈನಲ್ಲಿ ಬಂತು. ಅಮೆರಿಕದ ಕನ್ನಡಿಗರು ನೋಡಿದ ಪಾಲಿನ ಮೇಲೆ ಅಲ್ಲಿಯ ತೆರಿಗೆಯೂ ಕಡಿತವಾಗುತ್ತದೆ, ಸರಿಯಾದ ಅರ್ಜಿ ತುಂಬಿದರೆ ಅದು ಶೇ 15.

ಇನ್ನು ಪರದೆಯ ಮೇಲೆ ದುಡಿಯುವವರ ವಿಷಯ. ಹಣ ಬೇಕೇ ಬೇಡವೇ ಎಂಬ ವಾದದಲ್ಲಿ ಎಲ್ಲರೂ ಕ್ಯಾಮೆರಾ ಹಿಡಿದವನ ಕಡೆಗೇ ನೋಡುತ್ತಾರೆ. ಕ್ಯಾಮೆರಾದ ಎದುರು ಇರುವವರ ಗತಿಯೇನು? ಕರಾವಳಿಯಲ್ಲಿ ಯಕ್ಷಗಾನದ ಅಭಿಮಾನಿಗಳು ರಾತ್ರಿಯಿಡೀ ಕೂತು ಆಟಗಳನ್ನು ಚಿತ್ರೀಕರಿಸಿ ಹಾಕುತ್ತಾರೆ. ಅವರಲ್ಲಿ ಬಹಳಷ್ಟು ಜನಕ್ಕೆ ನಿಜವಾದ ಭಕ್ತಿಯಿದೆ, ಇಂದು ದುಬೈಯಲ್ಲಿ ಕೂತ ಉಡುಪಿಯವರು ಮೇಳದ ಆಟ ನೋಡುವುದು ಅವರ ದಯೆಯಿಂದ. ಆದರೆ ಭಾಗವತರ ಪದಕ್ಕೆ, ಚೆಂಡೆಯ ಪೆಟ್ಟಿಗೆ, ಬಣ್ಣದ ವೇಷದ ಒಡ್ಡೋಲಗಕ್ಕೆ ಲಕ್ಷ ವ್ಯೂಸ್ ಬಂದು ಜಾಹೀರಾತಿನ ಹಣ ಸೇರಿದಾಗ ಅದು ಹೋಗುವುದು ಚಾನೆಲ್ ಇಟ್ಟವರ ಬ್ಯಾಂಕ್ ಖಾತೆಗೆ. ಪತ್ತನಾಜೆಗೆ ತಿರುಗಾಟ ಮುಗಿದು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲ ಕಳೆಯಲು ಬೇರೆ ಕೆಲಸ ಹುಡುಕುವ ಕಲಾವಿದನಿಗೆ ಆ ಲಕ್ಷ ವ್ಯೂಸ್‌ನಿಂದ ಬರುವುದು ಹೆಸರು ಮಾತ್ರ.

ಕಾನೂನು ಕಲಾವಿದನ ಪರವಾಗಿಯೇ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 38ನೇ ಕಲಮು ಪ್ರದರ್ಶಕನಿಗೆ ತನ್ನ ಪ್ರದರ್ಶನದ ಮೇಲೆ 50 ವರ್ಷಗಳ ಹಕ್ಕು ಕೊಡುತ್ತದೆ, 2012ರ ತಿದ್ದುಪಡಿ ಅದನ್ನು ಇನ್ನಷ್ಟು ಬಲಪಡಿಸಿ ವಾಣಿಜ್ಯ ಬಳಕೆಯಲ್ಲಿ ರಾಯಧನದ ಮಾತನ್ನೂ ಸೇರಿಸಿತು. ಸಿನಿಮಾ ಹಾಡಿನ ಎರಡು ಸಾಲು ಹಾಡಿದರೆ ಕಾಪಿರೈಟ್ ಕ್ಲೈಮ್ ಬಂದು ಹಣವೆಲ್ಲ ಆಡಿಯೊ ಕಂಪನಿಗೆ ಹೋಗುವ ಯಂತ್ರ ಯೂಟ್ಯೂಬಿನಲ್ಲಿ ಇದೆ. ಪಾಡ್ದನ ಹಾಡುವ ಅಜ್ಜಿಗಾಗಲಿ, ಚೌಡಿಕೆ ಪದದ ಕಲಾವಿದರಿಗಾಗಲಿ, ಡೊಳ್ಳಿನ ತಂಡಕ್ಕಾಗಲಿ ಅಂಥ ಯಂತ್ರವಿಲ್ಲ. ಕಂಪನಿಯ ಹಕ್ಕನ್ನು ಕಾಯಲು ಇರುವ ಎಚ್ಚರ ಬಡ ಕಲಾವಿದನ ಹಕ್ಕಿಗೆ ಇಲ್ಲದಿರುವುದು ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ನೋವು ಕೊಡುವ ಸಂಗತಿ.

ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಮಗುವಿನ ತೊದಲು ಮಾತನ್ನು ನೆಂಟರಿಗೆ ತೋರಿಸಲೆಂದು ಹಾಕಿದ ರೀಲ್ಸ್ ಹಣ ತರತೊಡಗಿದರೆ ಮಗುವಿನ ಆಟ ಕೆಲಸವಾಗುತ್ತದೆ. ಫ್ರಾನ್ಸ್ 2020ರ ಅಕ್ಟೋಬರ್‌ನಲ್ಲಿಯೇ ಇಂಥ ಮಕ್ಕಳ ಗಳಿಕೆಯನ್ನು ಅವರ ಹೆಸರಲ್ಲಿ ಕಾದಿರಿಸುವ ಕಾನೂನು ತಂದಿತು. ನಮ್ಮಲ್ಲಿ ಬಾಲಕಾರ್ಮಿಕ ಕಾಯ್ದೆಯ 2017ರ ನಿಯಮಗಳು ಬಾಲ ಕಲಾವಿದರಿಗೆ ದಿನಕ್ಕೆ ಐದು ಗಂಟೆಯ ಮಿತಿ ಹಾಕಿವೆ, ಗಳಿಕೆಯಲ್ಲಿ ಕನಿಷ್ಠ ಶೇ 20ನ್ನು ಮಗುವಿನ ಹೆಸರಲ್ಲಿ ಠೇವಣಿ ಇಡಬೇಕೆನ್ನುತ್ತವೆ. ಅಪ್ಪ ಅಮ್ಮನೇ ನಿರ್ಮಾಪಕರಾದಾಗ ಇದನ್ನು ನೋಡಿಕೊಳ್ಳುವವರು ಯಾರು? ಮಗುವಿನ ವಿಡಿಯೊದಿಂದ ಬಂದ ಪೂರ್ತಿ ಹಣ ಮಗುವಿನದೇ ಆಗಬೇಕೆಂಬುದು ನನ್ನ ಅಭಿಪ್ರಾಯ.

ಜಾಹೀರಾತು ಬೇಡ, ಪ್ರಮೋಷನ್ ಬೇಡ ಎನ್ನುವವರಿಗೂ ದಾರಿಗಳಿವೆ. ಸೋದರ ಸಂಬಂಧಿ ಹುಡುಗಿಗೆ ಗಣಿತ ಹೇಳಿಕೊಡಲು ಹೊರಟ ಸಲ್ಮಾನ್ ಖಾನ್ 2006ರಿಂದ ಪಾಠಗಳನ್ನು ಯೂಟ್ಯೂಬಿಗೆ ಹಾಕತೊಡಗಿದರು, 2009ರಲ್ಲಿ ಕೆಲಸ ಬಿಟ್ಟು ಖಾನ್ ಅಕಾಡೆಮಿಯನ್ನು ಲಾಭರಹಿತ ಸಂಸ್ಥೆಯಾಗಿ ದೇಣಿಗೆಯ ಮೇಲೆ ಕಟ್ಟಿದರು. ನಮ್ಮಲ್ಲಿ ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟಿಇಎಲ್ ಪಾಠಗಳ ಖರ್ಚು ಸಾರ್ವಜನಿಕ ಹಣದಿಂದ ಬರುತ್ತದೆ. ಕನ್ನಡದ ಚಿಕ್ಕ ಚಾನೆಲ್‌ಗೆ ನೋಡುವವರೇ ಆಸರೆಯಾಗಬೇಕು. ಜಾಯಿನ್ ಬಟನ್ ಒತ್ತಿ ತಿಂಗಳಿಗೆ ಸ್ವಲ್ಪ ಹಣ ಕೊಡುವ ಐನೂರು ಜನ ಸಿಕ್ಕರೆ, ಲಕ್ಷ ವ್ಯೂಸ್ ಬೆನ್ನಟ್ಟದೆ ಒಬ್ಬರು ತಮ್ಮ ಮನಸ್ಸಿನ ವಿಡಿಯೊ ಮಾಡಿಕೊಂಡಿರಬಹುದು. ಹಬ್ಬಕ್ಕೆ ಹರಿಕಥೆ ಮಾಡಿಸಿ ದಾಸರ ತಟ್ಟೆಗೆ ಹಣ ಹಾಕಿದ ಜನ ನಾವು. ಆ ರೂಢಿ ಪರದೆಯ ಮುಂದೆ ಕೂತಾಗ ಮರೆತುಹೋಗಬಾರದು.

ವಿಡಿಯೊ ಮಾಡುವವರಲ್ಲಿ ನನ್ನ ಕೇಳಿಕೆ ಇಷ್ಟು: ಕೆಲಸವನ್ನು ಉಳಿಸಿಕೊಳ್ಳಿ, ಪ್ರಮೋಷನ್ ಇದ್ದರೆ ಮೊದಲ ನಿಮಿಷದಲ್ಲೇ ಕನ್ನಡದಲ್ಲಿ ಬಾಯಿಬಿಟ್ಟು ಹೇಳಿ, ಹಾಡಿದವರಿಗೆ ಕುಣಿದವರಿಗೆ ಲೆಕ್ಕ ತೋರಿಸಿ ಪಾಲು ಕೊಡಿ. ಯಕ್ಷಗಾನ ಅಕಾಡೆಮಿ ಮತ್ತು ಜಾನಪದ ಅಕಾಡೆಮಿಗಳು ಇದಕ್ಕೆ ಒಂದು ಹಾಳೆಯ ಮಾದರಿ ಒಪ್ಪಂದ ಪತ್ರವನ್ನು ಕನ್ನಡದಲ್ಲಿ ಅಚ್ಚುಹಾಕಿಸಿ, ಮುಂದಿನ ತಿರುಗಾಟ ಶುರುವಾಗುವ ಮೊದಲೇ ಪ್ರತಿ ಮೇಳಕ್ಕೂ, ಪ್ರತಿ ಜಾನಪದ ತಂಡಕ್ಕೂ ಮುಟ್ಟಿಸಬೇಕು.